ಸ್ಪಿತಿಯ ಹಾದಿಗೆ ಹದಗೊಂಡ ಗಾಡಿ

ಹಿಮಾಚಲ ಪ್ರದೇಶದ ಭೂಪಟವನ್ನು ಮೇಜಿನ ಮೇಲೆ ಹರಡಿ, ಮನಾಲಿಯಿಂದ ಉತ್ತರಕ್ಕೆ ಬೆರಳೋಡಿಸಿದರೆ, ರೋಹತಾಂಗಿನ ಆಚೆ ಗ್ರಾಂಫು ಎಂಬ ಚಿಕ್ಕ ಅಕ್ಷರಗಳ ಹೆಸರೊಂದು ಸಿಕ್ಕುತ್ತದೆ. ಊರೆಂದು ಕರೆಯುವಷ್ಟು ಮನೆಗಳು ಅಲ್ಲಿಲ್ಲ. ಹಾದಿ ಎರಡಾಗಿ ಒಡೆಯುವ ಸ್ಥಳವೆಂಬುದಷ್ಟೇ ಅದರ ಪ್ರತಿಷ್ಠೆ. ರೋಹತಾಂಗಿನಿಂದ ಇಳಿದು ಎಡಕ್ಕೆ ತಿರುಗಿದವರು ಕೇಲಾಂಗಿನ ಮೂಲಕ ಲೇಹ್ ಕಡೆಗೆ ಸಾಗುತ್ತಾರೆ. ಬಲಕ್ಕೆ ತಿರುಗಿದವರು ಚಂದ್ರಾ ನದಿಯ ಜೊತೆಗೆ ಅದರ ಉಗಮದತ್ತ ನಡೆದು, ಕುಂಜುಮ್ ಘಟ್ಟವನ್ನು ಹತ್ತಿ, ಸ್ಪಿತಿಯ ಸೀಮೆಗೆ ಇಳಿಯುತ್ತಾರೆ. ಗ್ರಾಂಫುವಿನಿಂದ ಸ್ಪಿತಿಯ ಮುಖ್ಯ ಪಟ್ಟಣವಾದ ಕಾಜಾಕ್ಕೆ ಸುಮಾರು 140 ಕಿಲೋಮೀಟರ್. ನಮ್ಮ ಮೈಸೂರಿನಿಂದ ಬೆಂಗಳೂರಿಗೆ ಇರುವಷ್ಟೇ ದೂರ. ಆದರೆ ಆ ದೂರಕ್ಕೂ ಈ ದೂರಕ್ಕೂ ಹೋಲಿಕೆ ಅಲ್ಲಿಗೇ ಮುಗಿಯಿತು. ಅಲ್ಲಿ ಹಾದಿಯೆಂಬುದು ಹಲವೆಡೆ ಹೊಳೆಯ ಪಾತ್ರ. ಕೆಲವೆಡೆ ಬೆಟ್ಟ ಉದುರಿಸಿದ ಬಂಡೆಗಳ ರಾಶಿ. ಉಳಿದೆಡೆ ಮೊಣಕಾಲೆತ್ತರ ಎದ್ದು ನಿಲ್ಲುವ ಬೂದಿಬಣ್ಣದ ಧೂಳು.

ಈ ಹಾದಿಯನ್ನು 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ನಾವಿಬ್ಬರು ಎರಡು ಮೋಟಾರು ಸೈಕಲ್ಲುಗಳ ಮೇಲೆ ಕ್ರಮಿಸಿದೆವು. ಇಬ್ಬರೆಂದರೆ ನಾನು ಮತ್ತು ನನ್ನ ಶ್ರೀಮತಿ. ಹಿಂದಿನ ಸೀಟಿನಲ್ಲಿ ಸೆರಗು ಬಿಗಿದು ಕುಳಿತ ಗೃಹಿಣಿಯನ್ನು ವಾಚಕರು ಕಲ್ಪಿಸಿಕೊಳ್ಳಬಾರದು. ಆಕೆಯ ಗಾಡಿಯನ್ನು ಆಕೆಯೇ ನಡೆಸಿದಳು. ಆಕೆಯ ತಂದೆ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಜಾವಾ ಗಾಡಿಯೊಂದನ್ನು ಇಟ್ಟುಕೊಂಡಿದ್ದರು. ಗಂಡುಮಕ್ಕಳಿಬ್ಬರಿಗೂ ಅದನ್ನು ಕಲಿಸಿದರು. ಮಗಳು ಕೇಳಿದಾಗ "ನೋಡೋಣ ಮಗೂ" ಎಂದರು. ಆ 'ನೋಡೋಣ' ಎಂಬುದು ಮೂವತ್ತು ವರ್ಷಕ್ಕೂ ಮಿಕ್ಕಿ ಬಾಳಿತು. ಬ್ಯಾಂಕಿನ ಕೆಲಸ, ಮಕ್ಕಳ ಓದು, ಮದುವೆಗಳೆಲ್ಲ ತಕ್ಕಮಟ್ಟಿಗೆ ಮುಗಿದ ಮೇಲೆ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಆಕೆ ಗೇರು ಹಾಕುವುದನ್ನು ಕಲಿತಳು. ಐವತ್ತಕ್ಕೆ ಸ್ಪಿತಿಯ ಹೆಸರೆತ್ತಿದಳು. ಐವತ್ತೊಂದಕ್ಕೆ ಹಿತ್ತಲಿನ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡಳು.

ಮೂಳೆ ಕೂಡಿತು. ಆದರೆ ಮಣಿಕಟ್ಟು ಮೊದಲಿನಂತೆ ಹಿಂದಕ್ಕೆ ಬಾಗಲಿಲ್ಲ. "ಗಾಡಿ ನಡೆಸಬಹುದು, ತಡೆಯಿಲ್ಲ. ಆದರೆ ಕೈ ಹಿಂದಕ್ಕೆ ಮಡಿಸಿದ ಭಂಗಿಯಲ್ಲಿ ಬಹಳ ಹೊತ್ತು ಭಾರ ಹೊರಿಸಬೇಡಿ" ಎಂದರು ವೈದ್ಯರು. ಮೋಟಾರು ಸೈಕಲ್ಲಿನಲ್ಲಿ ವೇಗ ಕೊಡುವುದೂ ಬಲಗೈಯೇ, ಮುಂದಿನ ಬ್ರೇಕು ಹಿಡಿಯುವುದೂ ಬಲಗೈಯೇ. ಮೊಬೈಲಿಗೆ ಸಂಕೇತವೂ ಸಿಕ್ಕದ ಕಲ್ಲುಕಣಿವೆಯಲ್ಲಿ ಆ ಕೈ ಕೈಕೊಟ್ಟರೆ ಗಾಡಿಯನ್ನು ಅಲ್ಲೇ ಬಿಟ್ಟು ಬರಬೇಕಾಗುತ್ತದೆ, ಆಕೆಯನ್ನು ಹೇಗೆ ಕರೆತರುವುದೆಂಬುದು ಬೇರೆಯೇ ಪ್ರಶ್ನೆ. ಹೀಗಾಗಿ ನಮ್ಮ ಪ್ರವಾಸದ ಸಿದ್ಧತೆಯೆಲ್ಲ ಒಂದೇ ಅಂಶದ ಸುತ್ತ ಗಿರಕಿ ಹೊಡೆಯಿತು: ಆ ಮಣಿಕಟ್ಟಿನ ಮೇಲೆ ಬೀಳುವ ಭಾರವನ್ನು ಕಡಿಮೆ ಮಾಡುವುದು ಹೇಗೆ?

ಯಾದವಗಿರಿಯ ಹಳೆಯ ಕೈ

ಆಕೆಯ ಗಾಡಿ ಹೀರೋ ಸಂಸ್ಥೆಯ ಎಕ್ಸ್‌ಪಲ್ಸ್ 200. ನನ್ನದು ರಾಯಲ್ ಎನ್‌ಫೀಲ್ಡಿನ ಹಿಮಾಲಯನ್. ಶುದ್ಧಾಂಗ ಡರ್ಟ್ ಬೈಕುಗಳ ಜಾತಿಗೆ ಇವು ಸೇರವು. ಅಪ್ಪಟ ಡರ್ಟ್ ಬೈಕಿಗೆ ಎಷ್ಟೋ ವೇಳೆ ದೀಪವೂ ಇರುವುದಿಲ್ಲ. ಅದರ ಸೀಟು ಗಂಡಾಳಿನ ಸೊಂಟಕ್ಕೆ ಬರುತ್ತದೆ. ಅದರ ಚಕ್ರಗಳು ಸುಮಾರು 300 ಮಿಲಿಮೀಟರಿನಷ್ಟು ಮೇಲೆ ಕೆಳಗೆ ಆಡುತ್ತವೆ. ನಮ್ಮವು ಆ ವಂಶದ ಸಂಸಾರಸ್ಥ ಶಾಖೆಗೆ ಸೇರಿದವು. ಮುಂದೆ 21 ಅಂಗುಲದ ದೊಡ್ಡ ಚಕ್ರ, ಕಡ್ಡಿಗಳ ರಿಮ್ಮು, ನೆಲದಿಂದ 220 ಮಿಲಿಮೀಟರ್ ಎತ್ತರದ ಹೊಟ್ಟೆ ಎರಡಕ್ಕೂ ಉಂಟು. ನನ್ನದು ಎರಡು ಕ್ವಿಂಟಾಲಿಗೆ ಒಂದು ಕಿಲೋ ಕಡಿಮೆ. ಆಕೆಯದು ಅದಕ್ಕಿಂತ ನಲವತ್ತು ಕಿಲೋದಷ್ಟು ಹಗುರ. ಕೆಟ್ಟ ಹಾದಿಯಲ್ಲಿ ಈ ನಲವತ್ತು ಕಿಲೋ ಎಷ್ಟೆಂಬುದು ಬಿದ್ದ ಗಾಡಿಯನ್ನು ಎತ್ತುವವರಿಗೆ ಮಾತ್ರ ಗೊತ್ತು.

ಅಂಗಡಿಯಿಂದ ಬಂದ ಗಾಡಿ ಎಲ್ಲರಿಗೂ ಹೊಂದುವಂತೆ ಮಾಡಿದ್ದು. ಆದ್ದರಿಂದ ಯಾರಿಗೂ ಪೂರ್ತಿ ಹೊಂದುವುದಿಲ್ಲ. ಸಿದ್ಧ ಉಡುಪಿನಂತೆ. ಅದನ್ನು ಮೈಗೆ ತಕ್ಕಂತೆ ಹಿಡಿಸಿಕೊಳ್ಳಬೇಕು. ಡಕಾರ್ ರ್‍ಯಾಲಿಯನ್ನು 2015ರಲ್ಲಿ ಪೂರೈಸಿ, ಹಾಗೆ ಪೂರೈಸಿದ ಪ್ರಥಮ ಭಾರತೀಯರೆನಿಸಿದ ಬೆಂಗಳೂರಿನ ಸಿ. ಎಸ್. ಸಂತೋಷ್ ಅವರಂಥ ಪಟುಗಳಿಗೆ ಈ ಕೆಲಸಕ್ಕೆಂದೇ ತಂಡವಿರುತ್ತದೆ. ನಮಗೆ ಇದ್ದವರು ನಮ್ಮ ಮೇಸ್ತ್ರಿಗಳು. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತಷ್ಟೆ. ಅದರ ಕೊನೆಯ ಇಪ್ಪತ್ತು ವರ್ಷಗಳಲ್ಲಿ ಅಲ್ಲಿ ದುಡಿದು, ಅನಂತರ ಮಂಡಿ ಮೊಹಲ್ಲಾದ ಗಲ್ಲಿಯೊಂದರಲ್ಲಿ ಸ್ವಂತ ಷೆಡ್ಡು ಹಾಕಿಕೊಂಡ ಎಪ್ಪತ್ತರ ವೃದ್ಧರು. ನಾನು ಕೊಂಡುಹೋಗಿದ್ದ ಬಿಡಿ ಸಾಮಾನುಗಳ ಚೀಲವನ್ನು ಅವರು ತೆರೆದೂ ನೋಡಲಿಲ್ಲ. "ಸಾಮಾನು ಆಮೇಲೆ ಸಾರ್. ಮೊದಲು ಅಮ್ಮನವರು ಬೂಟು, ಜಾಕೆಟ್ಟು ಎಲ್ಲಾ ಹಾಕ್ಕೊಂಡು ಬರಲಿ. ಸೀರೆ ಉಟ್ಟುಕೊಂಡು ಅಳತೆ ಕೊಟ್ರೆ ಕೋಟು ಹೊಲಿಯೋಕಾಗುತ್ತಾ?" ಎಂದರು.

ಅವರು ಮೊದಲು ನೋಡಿದ್ದು ಹ್ಯಾಂಡಲನ್ನಲ್ಲ, ಹಿಂದಿನ ಸ್ಪ್ರಿಂಗನ್ನು. ಗಾಡಿಯನ್ನು ಮರದ ದಿಮ್ಮಿಯ ಮೇಲೇರಿಸಿ, ಹಿಂದಿನ ಚಕ್ರ ನೆಲ ಬಿಟ್ಟು ತೂಗುವಂತೆ ಮಾಡಿದರು. ಚಕ್ರದ ಆಕ್ಸಲಿನಿಂದ ನೇರ ಮೇಲಕ್ಕೆ, ಸೀಟಿನ ಕೆಳಗಿನ ಬೋಲ್ಟೊಂದರವರೆಗೆ ಟೇಪು ಹಿಡಿದು ಅಳೆದು, ಅಂಕಿಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಗಾಡಿಯನ್ನು ಇಳಿಸಿ, ಆಕೆಯನ್ನು ಸವಾರಿಯ ಪೂರ್ಣ ವೇಷದಲ್ಲಿ ಕೂರಿಸಿ, ನನ್ನಿಂದ ಹ್ಯಾಂಡಲು ಹಿಡಿಸಿ ಅದೇ ಅಳತೆಯನ್ನು ಮತ್ತೆ ತೆಗೆದರು. ಎರಡು ಅಂಕಿಗಳ ವ್ಯತ್ಯಾಸವೇ ಸವಾರನ ಭಾರಕ್ಕೆ ಗಾಡಿ ಕುಗ್ಗುವ ಪ್ರಮಾಣ. ಇದಕ್ಕೆ ಸ್ಯಾಗ್ ಎನ್ನುತ್ತಾರೆ. ಆಕೆಯ ಗಾಡಿಯ ಹಿಂದಿನ ಚಕ್ರಕ್ಕೆ ಇರುವ ಒಟ್ಟು ಓಡಾಟ 170 ಮಿಲಿಮೀಟರ್. ಅದರಲ್ಲಿ ಮೂರರಲ್ಲೊಂದು ಭಾಗಕ್ಕೆ ತುಸು ಕಡಿಮೆ, ಎಂದರೆ 50 ಮಿಲಿಮೀಟರಿನ ಆಸುಪಾಸು, ಸವಾರ ಕುಳಿತೊಡನೆ ಕುಗ್ಗಬೇಕು. ಆಕೆ ಕುಳಿತಾಗ ಕುಗ್ಗಿದ್ದು 38 ಮಾತ್ರ.

ಗಾಡಿ ಕುಗ್ಗದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಅನೇಕರಿಗೆ ತೋರಬಹುದು. ಹಾಗಲ್ಲ. ಚಕ್ರವು ಕಲ್ಲಿನ ಮೇಲೆ ಏರಬೇಕಾದಂತೆಯೇ ಗುಂಡಿಯೊಳಕ್ಕೆ ಇಳಿಯಲೂ ಬೇಕು. ಇಳಿಯಲು ಮಿಗುತಾಯವಿಲ್ಲದ ಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿ ತೇಲಿ, ಆಚೆಯ ಅಂಚಿಗೆ ಬಡಿಯುತ್ತದೆ; ಹಿಂಭಾಗ ಒದೆಯುತ್ತದೆ; ಭಾರವೆಲ್ಲ ಮುಂದಕ್ಕೆ, ಎಂದರೆ ಸವಾರನ ಅಂಗೈಗಳ ಮೇಲಕ್ಕೆ ಬರುತ್ತದೆ. ಅತಿಯಾಗಿ ಕುಗ್ಗಿದರೆ ಮತ್ತೊಂದು ಬಾಧೆ: ಹಿಂಭಾಗ ಕುಳಿತು, ಮುಂದಿನ ಚಕ್ರ ಹಗುರವಾಗಿ, ತಿರುವಿನಲ್ಲಿ ತನ್ನಿಚ್ಛೆಯಂತೆ ಅಲೆಯುತ್ತದೆ. ಮೇಸ್ತ್ರಿಗಳು ಸ್ಪ್ರಿಂಗಿನ ಉಂಗುರವನ್ನು ಕೊಕ್ಕೆ ಪಾನಾದಿಂದ ಎರಡು ಮೆಟ್ಟಿಲು ಸಡಿಲಿಸಿದರು. 47 ಬಂತು. ದಾರಿಯಲ್ಲಿ ಹೊರಬೇಕಾದ ಚೀಲಗಳಲ್ಲಿ ಹನ್ನೆರಡು ಕಿಲೋ ಅಕ್ಕಿ ತುಂಬಿಸಿ ಗಾಡಿಗೆ ಕಟ್ಟಿ ಅಳೆದರೆ 52. "ಸ್ಪ್ರಿಂಗು ಮೆತ್ತಗಾಯ್ತಾ?" ಎಂದು ಆಕೆ ಕೇಳಿದಳು. "ಇಲ್ಲಮ್ಮ. ಅದರ ಗಟ್ಟಿತನ ಅದರದೇ. ಎಲ್ಲಿಂದ ಕೆಲಸ ಶುರು ಮಾಡಬೇಕು ಅನ್ನೋದನ್ನ ಮಾತ್ರ ನಾವು ಹೇಳಿದ್ದು" ಎಂದರು. ಉಂಗುರವನ್ನು ಬಿಗಿಸಿದರೆ ಸ್ಪ್ರಿಂಗು ಗಡುಸಾಗುವುದೆಂದು ಅನೇಕ ಮೆಕ್ಯಾನಿಕರೂ ನಂಬಿರುವ ಕಾಲದಲ್ಲಿ ಇಷ್ಟು ಸ್ಪಷ್ಟವಾದ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ.

ಇದರಿಂದ ಮತ್ತೊಂದು ಅನುಕೂಲವೂ ಒದಗಿತು. ಆಕೆಯ ಎತ್ತರ ಐದು ಅಡಿ ಎರಡು ಅಂಗುಲ. ಸೀಟಿನ ಎತ್ತರ 825 ಮಿಲಿಮೀಟರ್. ಕಾಲು ನೆಲಕ್ಕೆ ಸಿಕ್ಕದ ಭಯವೇ ಅನೇಕ ಹೆಂಗಸರನ್ನು, ಹೇಳಿಕೊಳ್ಳದ ಅನೇಕ ಗಂಡಸರನ್ನೂ, ಇಂಥ ಗಾಡಿಗಳಿಂದ ದೂರವಿಟ್ಟಿದೆ. ಸ್ಪ್ರಿಂಗು ಸರಿಯಾಗಿ ಕುಗ್ಗಿದ್ದರಿಂದ ಒಂದು ಸೆಂಟಿಮೀಟರಿನಷ್ಟು ಸಿಕ್ಕಿತು. ಸೀಟಿನ ಮುಂಭಾಗದ ಎರಡೂ ಬದಿಯ ಸ್ಪಂಜನ್ನು ಕುಶನ್ ಅಂಗಡಿಯವನು ಓರೆಯಾಗಿ ಕೆತ್ತಿದ ಮೇಲೆ ತೊಡೆಗಳು ಅಗಲಿಸುವುದು ತಪ್ಪಿ ಇನ್ನೆರಡು ಸೆಂಟಿಮೀಟರ್ ಸಿಕ್ಕಿತು. ಗಾಡಿಯನ್ನೇ ತಗ್ಗಿಸಿಬಿಡುವ ಸಲಹೆಯನ್ನು ಮೇಸ್ತ್ರಿಗಳು ಒಪ್ಪಲಿಲ್ಲ. ತಗ್ಗಿಸಿದಷ್ಟೂ ಬಂಡೆಗಳು ಎಂಜಿನ್ನಿನ ಹೊಟ್ಟೆಗೆ ಹತ್ತಿರವಾಗುತ್ತವೆ. "ಎರಡು ಕಾಲೂ ಊರಬೇಕು ಅಂತ ಯಾವ ಶಾಸ್ತ್ರದಲ್ಲಿದೆ? ಸೊಂಟ ಒಂದು ಪಕ್ಕಕ್ಕೆ ಜಾರಿಸಿ ಒಂದು ಕಾಲು ಗಟ್ಟಿಯಾಗಿ ಊರಿ ಸಾಕು" ಎಂದರು. ಆಕೆ ಒಂದು ವಾರ ಮನೆಯ ಮುಂದೆ ಅದನ್ನೇ ಅಭ್ಯಾಸ ಮಾಡಿದಳು. ಎದುರು ಮನೆಯವರು ಕಿಟಕಿ ತೆರೆದು ನೋಡುವುದನ್ನೂ ಅಭ್ಯಾಸ ಮಾಡಿಕೊಂಡರು.

ನಿಂತು ನಡೆಸುವ ವಿದ್ಯೆ

ಮಣ್ಣುಹಾದಿಯ ಸವಾರಿಯಲ್ಲಿ ಮುಖ್ಯವಾದ ಭಂಗಿ ಕುಳಿತಿರುವುದಲ್ಲ, ನಿಂತಿರುವುದು. ಕುಳಿತವನ ಭಾರ ಸೀಟಿನಲ್ಲಿ, ಎತ್ತರದಲ್ಲಿರುತ್ತದೆ. ಪ್ರತಿ ಕಲ್ಲೂ ಅವನ ಬೆನ್ನುಮೂಳೆಗೇ ವರದಿ ಒಪ್ಪಿಸುತ್ತದೆ. ನಿಂತವನ ಭಾರ ಕಾಲಿಡುವ ಮೆಟ್ಟಿಲುಗಳ ಮೂಲಕ ಗಾಡಿಯ ತಳಕ್ಕೆ ಇಳಿಯುತ್ತದೆ. ಮೊಣಕಾಲುಗಳು ಎರಡು ಹೆಚ್ಚಿನ ಸ್ಪ್ರಿಂಗುಗಳಾಗುತ್ತವೆ. ಕೆಳಗೆ ಗಾಡಿ ಎಷ್ಟು ಕುಣಿದರೂ ಮೇಲೆ ಸವಾರ ತೇಲುತ್ತಿರುತ್ತಾನೆ. ಅದಕ್ಕಾಗಿ ಗಾಡಿಯ ಎಲ್ಲ ಹಿಡಿಗಳೂ ನಿಂತವನ ಕೈಕಾಲಿಗೆ ಸಿಕ್ಕುವಂತಿರಬೇಕು. ಕಾರ್ಖಾನೆಯವರು ಅವನ್ನು ಕುಳಿತವನಿಗೆಂದು ಜೋಡಿಸಿರುತ್ತಾರೆ.

ಮೇಸ್ತ್ರಿಗಳು ಕಾಲ್ಮೆಟ್ಟಿಲಿನ ರಬ್ಬರುಗಳನ್ನು ಮೊದಲು ಕಿತ್ತುಹಾಕಿದರು. ರಬ್ಬರಿನ ಕೆಳಗಿನ ಹಲ್ಲುಗಳು ಒದ್ದೆಯಾದ ಬೂಟನ್ನೂ ಬಿಡದೆ ಕಚ್ಚಿಕೊಳ್ಳುತ್ತವೆ. ಗೇರಿನ ಕಡ್ಡಿಯನ್ನು ದಪ್ಪ ಬೂಟಿನ ತುದಿ ಸಲೀಸಾಗಿ ನುಸುಳುವಂತೆ ಒಂದು ಹಲ್ಲು ಮೇಲಕ್ಕೆ ಕೂರಿಸಿದರು. ನಿಂತಾಗ ಬಲಗಾಲು ತಾನಾಗಿ ಬ್ರೇಕನ್ನು ಒತ್ತದಿರುವಂತೆ ಅದರ ಪೆಡಲನ್ನು ಸರಿಪಡಿಸಿದರು. ಇವೆಲ್ಲ ಕಾಲು ಗಂಟೆಯ ಕೆಲಸ. ಹ್ಯಾಂಡಲಿಗೆ ಮಾತ್ರ ಅರ್ಧ ದಿನ ಹಿಡಿಯಿತು.

ಹ್ಯಾಂಡಲನ್ನು ಎತ್ತರಿಸುವ ಅಲ್ಯೂಮಿನಿಯಂ ತುಂಡುಗಳನ್ನು ನಾನು ಆಕೆಗೆಂದು ತರಿಸಿದ್ದೆ. ಮೇಸ್ತ್ರಿಗಳು ಆಕೆಯನ್ನು ಮೆಟ್ಟಿಲುಗಳ ಮೇಲೆ ನಿಲ್ಲಿಸಿ, ಪಕ್ಕದಿಂದ, ಎದುರಿನಿಂದ, ಕೊನೆಗೆ ಸ್ಟೂಲಿನ ಮೇಲೆ ಹತ್ತಿಯೂ ನೋಡಿದರು. ಆಕೆಯ ಎತ್ತರಕ್ಕೆ ಇದ್ದ ಹ್ಯಾಂಡಲೇ ಸರಿಯಾಗಿತ್ತು. ಅದನ್ನು ಇನ್ನೂ ಎತ್ತಿದರೆ ಆಕೆ ಹಿಡಿಯುವ ಬದಲು ಜೋತುಬೀಳಬೇಕಾಗುತ್ತಿತ್ತು. ಆ ತುಂಡುಗಳು ಐದಡಿ ಹನ್ನೊಂದು ಅಂಗುಲದ ನನ್ನ ಗಾಡಿಗೆ ಹೋದವು. ಆಕೆಯದನ್ನು ಫೋರ್ಕಿನ ಇಳಿಜಾರಿಗೆ ಸಮನಾಗುವಂತೆ ತುಸು ಮುಂದಕ್ಕೆ ತಿರುಗಿಸಿದರು, ಅಷ್ಟೆ.

ಆಮೇಲೆ ಲಿವರುಗಳು. ಕ್ಲಚ್ ಮತ್ತು ಬ್ರೇಕಿನ ಲಿವರುಗಳು ನೆಲಕ್ಕೆ ಸಮಾನಾಂತರವಾಗಿದ್ದರೆ, ನಿಂತ ಸವಾರ ಅವುಗಳ ಮೇಲೆ ಬೆರಳಿಡಲು ಮಣಿಕಟ್ಟನ್ನು ಹಿಂದಕ್ಕೆ ಮಡಿಸಬೇಕು. ವೈದ್ಯರು ಬೇಡವೆಂದ ಭಂಗಿ ಸರಿಯಾಗಿ ಅದೇ! ಮೇಸ್ತ್ರಿಗಳು ಅವನ್ನು ಕೆಳಕ್ಕೆ ಬಾಗಿಸುತ್ತಾ ಹೋಗಿ, ಆಕೆಯ ಮೊಣಕೈಯಿಂದ ಬೆರಳಿನ ತುದಿಯವರೆಗೆ ಒಂದು ಮರದ ಅಡಿಪಟ್ಟಿಯನ್ನು ಇಟ್ಟು, ಎಲ್ಲೂ ಬಾಗಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ನಿಲ್ಲಿಸಿದರು. ಲಿವರಿನ ಪಟ್ಟಿಯನ್ನು ಹಿಡಿಯಿಂದ ಒಳಕ್ಕೆ ಸರಿಸಿ, ತೋರುಬೆರಳು ಮತ್ತು ನಡುಬೆರಳು ಲಿವರಿನ ತುದಿಗೆ ಬೀಳುವಂತೆ ಮಾಡಿದರು. ತುದಿಯಲ್ಲಿ ಹಿಡಿದರೆ ಅರ್ಧ ಬಲ ಸಾಕು. ಕ್ಲಚ್ಚಿನ ಕೇಬಲನ್ನು ಹೊಸದಾಗಿಸಿ ಎಣ್ಣೆಯೂಡಿಸಿದರು. ವೇಗದ ಹಿಡಿಯನ್ನು ಬಕೆಟ್ಟಿನ ಹಿಡಿಯಂತೆ ಮುಷ್ಟಿ ಕಟ್ಟಿ ಹಿಡಿಯದೆ, ಸ್ಕ್ರೂಡ್ರೈವರನ್ನು ಹಿಡಿದಂತೆ ಅಂಗೈಗೆ ಓರೆಯಾಗಿ, ಮೊಣಕೈ ಹೊರಕ್ಕೆ ಬರುವಂತೆ ಹಿಡಿಯಬೇಕೆಂದು ತೋರಿಸಿದರು. ಹಾಗೆ ಹಿಡಿದರೆ ತಿರುವುವ ಕೆಲಸದ ಬಹುಪಾಲು ಮುಂಗೈಗೆ ಹೋಗಿ ಮಣಿಕಟ್ಟು ಬಚಾವಾಗುತ್ತದೆ.

ಕೊನೆಗೆ ಅವರು ಮಾಡಿದ ಕೆಲಸವೊಂದು ನನಗೆ ವಿಚಿತ್ರವಾಗಿ ತೋರಿತು. ಲಿವರಿನ ಪಟ್ಟಿಯನ್ನು ಹ್ಯಾಂಡಲಿಗೆ ಬಿಗಿಯುವ ಮುನ್ನ ಅದರ ಕೆಳಗೆ ನಲ್ಲಿಗೆ ಸುತ್ತುವ ಬಿಳಿಯ ಟೆಫ್ಲಾನ್ ಟೇಪನ್ನು ನಾಲ್ಕು ಸುತ್ತು ಸುತ್ತಿದರು. ಬೋಲ್ಟನ್ನು ಕೈ ಬಲದಿಂದ ತಿರುಗದಷ್ಟು, ಆದರೆ ಗಟ್ಟಿ ಪೆಟ್ಟು ಬಿದ್ದರೆ ತಿರುಗುವಷ್ಟು ಮಾತ್ರ ಬಿಗಿದರು. ಬಿದ್ದಾಗ ಲಿವರು ಮುರಿಯಬಾರದು, ಸರಿದುಕೊಳ್ಳಬೇಕು. ಅನಂತರ ಆಕೆಯಿಂದ ಉಗುರುಬಣ್ಣದ ಸೀಸೆ ತರಿಸಿ, ಪಟ್ಟಿಗೂ ಹ್ಯಾಂಡಲಿಗೂ ಸೇರುವಂತೆ ಒಂದೊಂದು ಕೆಂಪು ಗೆರೆ ಎಳೆದರು. "ಎರಡು ಗೆರೆ ಕೂಡಿದ್ರೆ ಮೈಸೂರಲ್ಲಿ ಇದ್ದ ಹಾಗೇ ಇದೆ ಅಂತ ತಿಳ್ಕೊಳ್ಳಿ" ಎಂದರು.

ನಾಲೆಯ ಏರಿಯ ಮೇಲೆ ಪರೀಕ್ಷೆ

ಮುಂದಿನ ಆರು ಭಾನುವಾರಗಳನ್ನು ನಾವು ಪಾಂಡವಪುರದ ಸುತ್ತ ಕಳೆದೆವು. ವಿಶ್ವೇಶ್ವರಯ್ಯ ನಾಲೆಯ ಬದಿಯ ಮಣ್ಣುದಾರಿ, ಕಬ್ಬಿನ ಗಾಡಿಗಳು ಕೊರೆದ ಜೋಡುಗೆರೆಯ ಹಳ್ಳಗಳು, ಕುಂತಿಬೆಟ್ಟದ ಬುಡದ ಉರುಟು ಕಲ್ಲುಗಳು. ಬೇಕಾದ ಪಾಠಗಳೆಲ್ಲ ಅಲ್ಲಿವೆ. ವನವಾಸದಲ್ಲಿ ಪಾಂಡವರು ಅಲ್ಲಿದ್ದರೆಂದು ಪ್ರತೀತಿ. ಅದೇ ಪಾಂಡವರ ಪೈಕಿ ಧರ್ಮರಾಯನನ್ನು ಇಂದ್ರನು ರಥದಲ್ಲಿ ಸ್ವರ್ಗಕ್ಕೆ ಕರೆದೊಯ್ದುದು ಸ್ಪಿತಿಯ ಹಾದಿಯ ಚಂದ್ರತಾಲ್ ಸರೋವರದ ದಡದಿಂದ ಎಂದು ಆ ಸೀಮೆಯವರ ನಂಬಿಕೆ. ಹಾಗಾದರೆ ನಾವು ಆಯ್ದುಕೊಂಡ ಕ್ರಮಕ್ಕೆ ಪುರಾಣದ ಸಮ್ಮತಿಯೂ ಇದ್ದಂತಾಯಿತು.

ಟೈರಿನ ಗಾಳಿಯ ವಿಷಯ ಅಲ್ಲಿಯೇ ಇತ್ಯರ್ಥವಾಯಿತು. ಡಾಂಬರಿಗೆ ತುಂಬುವಷ್ಟು ಗಾಳಿಯಿದ್ದರೆ ಕಲ್ಲಿನ ಮೇಲೆ ಟೈರು ಪುಟಿಯುತ್ತದೆ. ತುಸು ಇಳಿಸಿದರೆ ಕಲ್ಲನ್ನು ತಬ್ಬಿಕೊಳ್ಳುತ್ತದೆ. ಮರಳಿನಲ್ಲಿ 15 ಪೌಂಡಿಗೂ ಇಳಿಸುವವರಿದ್ದಾರೆ. ಆದರೆ ಟ್ಯೂಬಿರುವ ಟೈರಿನಲ್ಲಿ ಹಾಗೆ ಇಳಿಸಿ ಚೂಪು ಬಂಡೆಗೆ ಗುದ್ದಿದರೆ ರಿಮ್ಮಿನ ಅಂಚಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತಾಗುತ್ತವೆ. ಆಕೆಯ ಹಗುರ ಗಾಡಿಗೆ 20, ನನ್ನ ಭಾರದ ಗಾಡಿಗೆ 24 ಎಂದು ನಿಶ್ಚಯಿಸಿಕೊಂಡೆವು. ಕೈಪಂಪು, ಟೈರು ಬಿಚ್ಚುವ ಪಟ್ಟಿಗಳು, ಎರಡು ಹೆಚ್ಚಿನ ಟ್ಯೂಬುಗಳು ಸಾಮಾನಿನ ಪಟ್ಟಿಗೆ ಸೇರಿದವು. ಸಾಮಾನನ್ನು ಹಿಂದೆ ಎತ್ತರಕ್ಕೆ ಪೇರಿಸುವ ಬದಲು, ಎರಡು ಬದಿಗೆ ತಗ್ಗಿನಲ್ಲಿ, ಸವಾರನ ಬೆನ್ನಿಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ ಕಟ್ಟುವುದನ್ನೂ ಅಲ್ಲೇ ಕಲಿತೆವು. ಬಾಲದ ತುದಿಯ ಐದು ಕಿಲೋ, ನಡುವಿನ ಹತ್ತು ಕಿಲೋಗಿಂತ ಹೆಚ್ಚು ಕಾಡುತ್ತದೆ.

ಮೊದಲ ಭಾನುವಾರ ಅರ್ಧ ಗಂಟೆಗೆ ಮಣಿಕಟ್ಟು ನೋಯಿತು. ಆರನೆಯ ಭಾನುವಾರ ಮೂರು ಗಂಟೆಯ ಸವಾರಿ ಮುಗಿಸಿ ಆಕೆ ಮನೆಗೆ ಬಂದು ಚಪಾತಿ ಹಿಟ್ಟು ಕಲಸಿದಳು. ಹೊರಡಬಹುದೆಂದು ನಾನು ಒಪ್ಪಿದ್ದು ಆ ರಾತ್ರಿ.

ಗ್ರಾಂಫುವಿನಿಂದ ಮುಂದೆ

ಗಾಡಿಗಳು ರೈಲಿನಲ್ಲಿ ಚಂಡೀಗಡಕ್ಕೆ ಬಂದವು. ಸಾಗಣೆಯಲ್ಲಿ ಯಾರೋ ಹ್ಯಾಂಡಲು ಹಿಡಿದೆಳೆದು ಲಿವರುಗಳನ್ನು ದಿಕ್ಕಾಪಾಲು ಮಾಡಿದ್ದರು. ಉಗುರುಬಣ್ಣದ ಗೆರೆಗಳು ಐದು ನಿಮಿಷದಲ್ಲಿ ಅವನ್ನು ಸ್ವಸ್ಥಾನಕ್ಕೆ ತಂದವು. ಮನಾಲಿಯಲ್ಲಿ ಟ್ಯಾಂಕು ತುಂಬಿಸಿ, 2020ರ ಅಕ್ಟೋಬರಿನಲ್ಲಿ ತೆರೆದ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗವನ್ನು ಹಾದು, ಎತ್ತರಕ್ಕೆ ಮೈ ಒಗ್ಗಲೆಂದು ಸಿಸ್ಸುವಿನಲ್ಲಿ ಎರಡು ರಾತ್ರಿ ತಂಗಿದೆವು. ಸುರಂಗದ ಈಚೆ ದೇವದಾರುಗಳ ದಟ್ಟ ಹಸಿರು. ಆಚೆ ಬೋಳು ಬೆಟ್ಟಗಳು, ನಡುನಡುವೆ ಪಾಪ್ಲರ್ ಮರಗಳ ಗೆರೆ. ಒಂದೇ ಸುರಂಗದ ಎರಡು ಬಾಯಿಗಳಲ್ಲಿ ಎರಡು ದೇಶಗಳನ್ನು ಕಂಡಂತಾಗುತ್ತದೆ.

ಮೂರನೆಯ ದಿನ ಬೆಳಗಿನ ಐದೂವರೆಗೆ ಹೊರಟೆವು. ಈ ಹಾದಿಯಲ್ಲಿ ಬೇಗ ಹೊರಡುವುದು ಅಭ್ಯಾಸದ ಮಾತಲ್ಲ, ಲೆಕ್ಕದ ಮಾತು. ರಾತ್ರಿಯ ಚಳಿಗೆ ಹಿಮನದಿಗಳು ಬಿಗಿದುಕೊಂಡು ಬೆಳಿಗ್ಗೆ ತೊರೆಗಳಲ್ಲಿ ನೀರು ಕಡಿಮೆಯಿರುತ್ತದೆ. ಬಿಸಿಲೇರಿದಂತೆ ಹಿಮ ಕರಗಿ, ಮಧ್ಯಾಹ್ನದ ಹೊತ್ತಿಗೆ ಪಾದ ಮುಳುಗುತ್ತಿದ್ದಲ್ಲಿ ಮೊಣಕಾಲು ಮುಳುಗುತ್ತದೆ. ಹಾದಿಗೆ ಅಡ್ಡ ಬರುವ ಇಂಥ ತೊರೆಗಳನ್ನು ಅಲ್ಲಿಯವರು ನಾಲಾ ಎನ್ನುತ್ತಾರೆ. ನಾಲೆಯೆಂದರೆ ಕನ್ನಂಬಾಡಿಯ ಶಿಸ್ತಿನ ನೀರನ್ನು ನೆನೆಯುವ ನಮಗೆ ಆ ಹೆಸರು ಬಹಳ ಸೌಮ್ಯವೆನಿಸಿತು.

ಛತ್ರುವಿನಲ್ಲಿ ಚಹ ಕುಡಿದೆವು. ಹಂಪ್ತಾ ಘಟ್ಟವನ್ನು ಕಾಲ್ನಡಿಗೆಯಲ್ಲಿ ದಾಟಿ ಬರುವವರು ಇಳಿಯುವ ಸ್ಥಳವದು. ಅಲ್ಲಿಂದ ಮುಂದೆ ಹಾದಿ ಬೆಟ್ಟಕ್ಕೂ ಚಂದ್ರಾ ನದಿಗೂ ನಡುವೆ ಸಿಕ್ಕಿಕೊಂಡು ಮುಲುಕುತ್ತದೆ. ನದಿಯ ಬಣ್ಣ ಸಿಮೆಂಟಿನ ನೀರಿನಂತೆ ಬೂದು. ಹಿಮನದಿಗಳು ಅರೆದ ಕಲ್ಲಿನ ಪುಡಿ ಅದರಲ್ಲಿರುವುದೇ ಕಾರಣ. ಮುಂದೆ ತಾಂಡಿಯಲ್ಲಿ ಭಾಗಾ ನದಿಯನ್ನು ಕೂಡಿ ಇದೇ ನೀರು ಚಂದ್ರಭಾಗಾ ಎನಿಸಿ, ಕಾಶ್ಮೀರದಲ್ಲಿ ಚಿನಾಬ್ ಎಂಬ ಹೆಸರು ಪಡೆಯುತ್ತದೆ. ನಡುನಡುವೆ ಗಡಿ ರಸ್ತೆ ಸಂಸ್ಥೆಯ ಕೂಲಿಗಳು ಗುಂಪಾಗಿ ಕಲ್ಲು ಒಡೆಯುತ್ತಿದ್ದರು. ಜಾರ್ಖಂಡಿನಿಂದ ಬಂದವರು. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಹುಡುಗನೊಬ್ಬ ಶ್ರೀಮತಿಯ ಕೈಗವಸುಗಳನ್ನು ಬಹಳ ಹೊತ್ತು ನೋಡಿದ. ಅವನ ಕೈಯಲ್ಲಿ ಸುತ್ತಿಗೆಯಿತ್ತು, ಕೈಗವಸಿರಲಿಲ್ಲ. ಆಕೆ ಚೀಲದಿಂದ ತನ್ನ ಹೆಚ್ಚಿನ ಜೊತೆಯನ್ನು ತೆಗೆದುಕೊಟ್ಟಳು.

ಎರಡು ನಾಲಾಗಳು ಸುಲಭವಾಗಿ ಕಳೆದವು. ಮೂರನೆಯದಕ್ಕೆ ಮುನ್ನ, ನೀರು ಹರಿದು ಸವೆಸಿದ ದುಂಡುಗಲ್ಲುಗಳ ಒಂದು ಏರಿನಲ್ಲಿ, ಆಕೆಯ ಮುಂದಿನ ಚಕ್ರದಡಿಯ ಕಲ್ಲು ಉರುಳಿ ಗಾಡಿ ಬಲಕ್ಕೆ ಮಲಗಿತು. ವೇಗವಿರಲಿಲ್ಲ, ಆಕೆ ಕಾಲಿಳಿಸಿ ಪಕ್ಕಕ್ಕೆ ನಿಂತಳು. ಇಬ್ಬರೂ ಸೇರಿ ಎತ್ತಿದೆವು. ಏನೂ ಮುರಿದಿರಲಿಲ್ಲ. ಸವಾರಿ ಮುಂದುವರಿಯಿತು. ಅರ್ಧ ಗಂಟೆಯ ಮೇಲೆ ಛೋಟಾ ದಾರಾದ ಹತ್ತಿರ ಆಕೆ ಗಾಡಿ ನಿಲ್ಲಿಸಿ ಕೈಗವಸು ಬಿಚ್ಚಿದಳು. ಮಣಿಕಟ್ಟು ಬಾತಿರಲಿಲ್ಲ, ಆದರೆ ಆಕೆಯ ಮುಖ ಬಿಳಿಚಿತ್ತು.

"ನೋಯ್ತಾ ಇದೆ ರೀ. ಹಳೇ ಜಾಗದಲ್ಲೇ."

ಗಂಟೆ ಒಂಬತ್ತೂಕಾಲು. ಹಿಂದಿರುಗುವುದಾದರೆ ಆಗಲೇ ನಿರ್ಧರಿಸಬೇಕು. ತಡಮಾಡಿದರೆ ದಾಟಿ ಬಂದ ತೊರೆಗಳೂ ಮುಚ್ಚಿಕೊಳ್ಳುತ್ತವೆ. ಮುಂದೆ ಬಾತಲ್‌ವರೆಗೆ ಇದಕ್ಕಿಂತ ಒಳ್ಳೆಯ ಹಾದಿಯಿಲ್ಲವೆಂದು ಎದುರಿನಿಂದ ಬಂದ ಜೀಪಿನವನು ಹೇಳಿಹೋಗಿದ್ದ. ನಾನು ಹಿಂದಿರುಗೋಣವೆಂದೆ. ಆಕೆ ಉತ್ತರ ಕೊಡದೆ ಗಾಡಿಯ ಹತ್ತಿರ ಹೋಗಿ, ಮೆಟ್ಟಿಲುಗಳ ಮೇಲೆ ನಿಂತು, ಹ್ಯಾಂಡಲು ಹಿಡಿದು ತನ್ನ ಕೈಯನ್ನು ತಾನೇ ನೋಡಿಕೊಂಡಳು. ಅನಂತರ ಬಾಗಿ ಉಗುರುಬಣ್ಣದ ಗೆರೆಯನ್ನು ನೋಡಿದಳು. ಎರಡು ಗೆರೆಗಳು ಕೂಡಿರಲಿಲ್ಲ. ಬಿದ್ದ ಪೆಟ್ಟಿಗೆ ಬ್ರೇಕಿನ ಲಿವರು ಮುರಿಯದೆ ಮೇಲಕ್ಕೆ ತಿರುಗಿಕೊಂಡಿತ್ತು, ಮೇಸ್ತ್ರಿಗಳು ಬಯಸಿದಂತೆಯೇ. ಆದರೆ ಅಂದಿನಿಂದ ಅರ್ಧ ಗಂಟೆ ಆಕೆ ಮಣಿಕಟ್ಟನ್ನು ಮಡಿಸಿಕೊಂಡೇ ಬಂದಿದ್ದಳು. ಪಾನಾ ಹಾಕಿ ಬೋಲ್ಟು ಸಡಿಲಿಸಿ, ಗೆರೆಗೆ ಗೆರೆ ಕೂಡಿಸಿ, ಬಿಗಿದಳು. ತೊರೆಯ ಹಿಮದ ನೀರಿನಲ್ಲಿ ಕೈಯನ್ನು ಹತ್ತು ನಿಮಿಷ ಅದ್ದಿ ಕುಳಿತಳು. "ಇನ್ನೊಂದು ಕಿಲೋಮೀಟರ್ ನೋಡೋಣ. ನೋವು ಹೆಚ್ಚಿದರೆ ನೀವು ಹೇಳಿದ ಹಾಗೆ" ಎಂದಳು. ಆಕೆಯ ತಂದೆಯ 'ನೋಡೋಣ' ಎಂಬ ಮಾತು ನನಗೆ ನೆನಪಾಯಿತು. ಆಕೆಗೂ ನೆನಪಾಗಿತ್ತೋ ಏನೋ.

ಒಂದು ಕಿಲೋಮೀಟರ್ ಕಳೆದು ನಿಂತೆವು. ನೋವು ಹೆಚ್ಚಿರಲಿಲ್ಲ. ಇನ್ನೆರಡು ಕಳೆದು ನಿಂತೆವು. ಆಕೆ ಹೆಬ್ಬೆರಳೆತ್ತಿ ತೋರಿಸಿ ಮುಂದಕ್ಕೆ ಹೋದಳು.

ದೊಡ್ಡ ನಾಲಾ ಎದುರಾದಾಗ ಹತ್ತು ಗಂಟೆ ದಾಟಿತ್ತು. ಹಾದಿಯ ಅಡ್ಡಕ್ಕೆ ಇಪ್ಪತ್ತು ಅಡಿ ಅಗಲದ ನೊರೆನೀರು, ತಳ ಕಾಣದು. ಆಕೆ ಕೋಲು ಹಿಡಿದು ಮೊದಲು ನಡೆದೇ ದಾಟಿದಳು. ಎಲ್ಲಿ ಬಂಡೆ, ಎಲ್ಲಿ ಜಲ್ಲಿ ಎಂದು ತಡವಿ, ನೀರಿನ ಮೇಲುಭಾಗದಲ್ಲಿ ಒಂದು ದಾರಿ ಗೊತ್ತುಮಾಡಿಕೊಂಡು ಹಿಂದೆ ಬಂದಳು. ಮೊದಲನೆಯ ಗೇರು, ಒಂದೇ ಹದದ ವೇಗ, ಮೆಟ್ಟಿಲುಗಳ ಮೇಲೆ ನಿಂತ ಮೈ, ಮೊಣಕಾಲುಗಳಿಂದ ಅಪ್ಪಿ ಹಿಡಿದ ಟ್ಯಾಂಕು, ಆಚೆ ದಡದ ಮೇಲೆ ನೆಟ್ಟ ದೃಷ್ಟಿ. ನಡುವಿನಲ್ಲಿ ಮುಂದಿನ ಚಕ್ರ ಕಲ್ಲಿಗೆ ತಾಕಿ ಒಂದು ಅಡಿ ಪಕ್ಕಕ್ಕೆ ಜಿಗಿಯಿತು. ಹ್ಯಾಂಡಲನ್ನು ಬಿಗಿಹಿಡಿದು ಜಗ್ಗಾಡುವವರು ಬೀಳುವುದು ಅಲ್ಲಿಯೇ. ಆಕೆಯ ಕೈಗಳು ಸಡಿಲವಾಗಿದ್ದವು. ಗಾಡಿ ತಾನೇ ತನ್ನ ದಾರಿಗೆ ಮರಳಿತು. ಮರುಕ್ಷಣದಲ್ಲಿ ಆಚೆಯ ದಡವನ್ನೇರಿ ಮೈಯಿಂದ ನೀರು ಸುರಿಸುತ್ತಾ ನಿಂತಿತು. ಬೂಟಿನೊಳಗೆ ಚಂದ್ರಾ ನದಿಯ ಪಾಲನ್ನು ತುಂಬಿಕೊಂಡು ನಾನೂ ದಾಟಿದೆ.

ಬಾತಲ್‌ನಲ್ಲಿ ಪ್ರವಾಸಿಗರೆಲ್ಲ ಚಾಚಾ-ಚಾಚಿ ಧಾಬಾ ಎಂದೇ ಕರೆಯುವ ಕಲ್ಲುಗೋಡೆಯ ಹೋಟೆಲಿದೆ. ಅಲ್ಲಿಯ ಬಿಸಿ ಅನ್ನ, ರಾಜ್ಮಾಗಳ ರುಚಿಯನ್ನು ವರ್ಣಿಸಲು ಹೊರಟರೆ ಪತ್ರಿಕೆಯ ಪುಟಗಳು ಸಾಲವು. ಅಲ್ಲಿ ಸೇತುವೆ ದಾಟಿದರೆ ಕುಂಜುಮ್ ಘಟ್ಟದ ಏರು. ನಾಲ್ಕೂವರೆ ಸಾವಿರ ಮೀಟರಿಗೂ ಎತ್ತರದ ಆ ಸ್ಥಳದಲ್ಲಿ ಗಾಳಿಯ ಒತ್ತಡ ಕಡಲತೀರದಲ್ಲಿರುವುದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ; ಎಂಜಿನ್ನುಗಳೂ ನಮ್ಮಂತೆಯೇ ಏದುಸಿರು ಬಿಡುತ್ತವೆ. ಆಕೆಯ ಪುಟ್ಟ ಗಾಡಿ ಮೊದಲ ಗೇರಿನಿಂದ ಮೇಲೆ ಹೋಗಲು ಒಪ್ಪಲಿಲ್ಲ. ಘಟ್ಟದ ನೆತ್ತಿಯ ಮೇಲೆ ಪ್ರಾರ್ಥನೆಯ ಬಣ್ಣದ ಬಾವುಟಗಳು ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿದ್ದವು. ವಾಹನಗಳು ಅಲ್ಲಿಯ ದೇವಿಯ ಗುಡಿಗೆ ಪ್ರದಕ್ಷಿಣೆ ಹಾಕಿ ಮುಂದೆ ಹೋಗುವುದು ವಾಡಿಕೆ. ನಾವೂ ಹಾಕಿದೆವು. ಅಲ್ಲಿಯ ಕಲ್ಲಿಗೆ ನಾಣ್ಯ ಅಂಟಿದರೆ ಶುಭವೆನ್ನುತ್ತಾರೆ. ಆಕೆಯದು ಎರಡನೆಯ ಯತ್ನಕ್ಕೆ ಅಂಟಿತು.

ಲೋಸರಿನ ಚೌಕಿಯಲ್ಲಿ ಪೋಲೀಸಿನವರು ಗಾಡಿಗಳ ಸಂಖ್ಯೆ, ಸವಾರರ ಹೆಸರುಗಳನ್ನು ಬರೆದುಕೊಂಡರು. ಸುತ್ತಲೂ ಬಟಾಣಿಯ ಹೊಲಗಳು. ಅವುಗಳಾಚೆ ನಾಲ್ಕೂ ಕಡೆ ಮರದ ನೆರಳೂ ಇಲ್ಲದ ಕಂದು ಬೆಟ್ಟಗಳು. ಆ ರಾತ್ರಿ ಅಲ್ಲಿಯೇ ತಂಗಿ, ಮರುದಿನ ಕಾಜಾ ಸೇರಿದೆವು. ಮುಂದಿನ ನಾಲ್ಕು ದಿನಗಳಲ್ಲಿ ಕೀ ಮಠವನ್ನೂ, ಕಿಬ್ಬರನ್ನೂ, ಆಳದ ಕಂದರದ ಮೇಲೆ ತೂಗುವ ಚೀಚಮ್ ಸೇತುವೆಯನ್ನೂ ಕಂಡೆವು. ಅವುಗಳ ವಿಷಯವಾಗಿ ಬೇರೆಯೇ ಬರೆಯಬೇಕು.

ಹಿಕ್ಕಿಮ್ ಎಂಬ ಹಳ್ಳಿಯ ಅಂಚೆಕಚೇರಿ ಸುಮಾರು 4,400 ಮೀಟರ್ ಎತ್ತರದಲ್ಲಿದೆ. ಶ್ರೀಮತಿ ಅಲ್ಲಿಂದ ಒಂದು ಕಾರ್ಡನ್ನು ಮಂಡಿ ಮೊಹಲ್ಲಾದ ವಿಳಾಸಕ್ಕೆ ಬರೆದಳು. ನಾವು ಮೈಸೂರಿಗೆ ಮರಳಿದ ಮೇಲೆ ಹನ್ನೊಂದು ದಿನ ಕಳೆದು ಅದು ತಲುಪಿತು. ಮೇಸ್ತ್ರಿಗಳು ಕಾರ್ಡನ್ನು ಷೆಡ್ಡಿನ ಗೋಡೆಗೆ, 38, 47, 52 ಎಂದು ಸೀಮೆಸುಣ್ಣದಲ್ಲಿ ಬರೆದಿದ್ದ ಅಂಕಿಗಳ ಪಕ್ಕದಲ್ಲಿ ಮೊಳೆ ಹೊಡೆದು ಸಿಕ್ಕಿಸಿದರು. ಆಮೇಲೆ ಆಕೆಯ ಕೈಯನ್ನು ಕೇಳಲಿಲ್ಲ, ಗಾಡಿಯ ಕಡ್ಡಿಗಳನ್ನು ಒಂದೊಂದಾಗಿ ಪಾನಾದಿಂದ ತಟ್ಟಿ ಸದ್ದು ಕೇಳುತ್ತಾ ಕುಳಿತರು. ಹಿಂದಿನ ಚಕ್ರದಲ್ಲಿ ಮೂರು ಕಡ್ಡಿಗಳು ಸಡಿಲವಾಗಿದ್ದವು.